ಉರಿಗಾಂ ಇಂಗ್ಲಿಷಿನ ದೇಶಸಂಚಾರ

ಪರದೇಶಕ್ಕೆ ಹೋದರೆ ಕೆಲವರಿಗೆ ಪಾಸ್‌ಪೋರ್ಟ್ ಕಳೆಯುತ್ತೆ, ಕೆಲವರಿಗೆ ಸೂಟ್‌ಕೇಸ್ ಕಳೆಯುತ್ತೆ. ನನಗೆ ಕಳೆಯೋದೇನೂ ಇಲ್ಲ, ಸಿಕ್ಕೋದೇ ಎಲ್ಲ. ಎಲ್ಲಿ ಹೋದರೂ ಇಂಗ್ಲಿಷ್ ಮಾತಾಡೋರು ಯಾರಾದರೊಬ್ಬರು ಸಿಕ್ಕಿ ಗಂಟು ಬೀಳ್ತಾರೆ. ನಾನಾಗಿ ಹುಡುಕಿಕೊಂಡು ಹೋಗಲ್ಲ. ಹಾಗಂತ ತಾವಾಗಿ ಬಂದವರನ್ನ ಸುಮ್ಮನೆ ಕಳಿಸಿಕೊಡೋ ಜಾಯಮಾನವೂ ನನ್ನದಲ್ಲ.

ನಾನು ಯಾರು ಅಂತ ಹೇಳಿಬಿಡ್ತೀನಿ. ಹುಟ್ಟಿದ್ದು ಕೆಜಿಎಫ್‌ನ ಉರಿಗಾಂನಲ್ಲಿ, ಗಣಿ ಕೆಲಸದವರ ಸಾಲುಮನೆಯಲ್ಲಿ. ಅಪ್ಪ ನೆಲದೊಳಗೆ ಇಳಿದು ಕೆಲಸ ಮಾಡುತ್ತಿದ್ದರು. ಈ ಪಕ್ಕದ ಮನೆಯವರದು ತಮಿಳು, ಆ ಪಕ್ಕದವರದು ತೆಲುಗು, ಎದುರುಮನೆಯವರದು ಇಂಗ್ಲಿಷು, ನಮ್ಮದು ಕನ್ನಡ. ನಲ್ಲಿ ಹತ್ತಿರ ಜಗಳ ಶುರುವಾದರೆ ನಾಲ್ಕೂ ಬೇಕಾಗುತ್ತಿತ್ತು. ಹೀಗೆ ಬೀದಿಯಲ್ಲಿ ಹತ್ತಿಸಿಕೊಂಡ ಇಂಗ್ಲಿಷಿಗೆ ಮೇಲೊಂದಿಷ್ಟು ಓದು ಸೇರಿಸಿ, ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ನಿವೃತ್ತಿ ಆಗೋವರೆಗೂ ಇಂಗ್ಲಿಷ್ ಟೀಚರ್ ಆಗಿದ್ದೆ. ಮದುವೆಯಾಗಿ ಬಂದು ಸೇರಿದ್ದು ಬಂಗಾರಪೇಟೆ.

ನಿವೃತ್ತಿಯಾದ ಮೇಲೆ ದೇಶ ಸುತ್ತಬೇಕು ಅಂದೆ. "ಈ ವಯಸ್ಸಲ್ಲಿ ಕಾಶಿ, ರಾಮೇಶ್ವರ ಅನ್ನೋದು ಬಿಟ್ಟು ಇದೇನು ಹುಚ್ಚು?" ಅಂದರು ನೆಂಟರು. "ಕಾಶಿ ಎಲ್ಲಿಗೂ ಹೋಗಲ್ಲ, ಹೋಗೋದು ನನ್ನ ಮಂಡಿ" ಅಂದೆ. ನಮ್ಮ ಯಜಮಾನರೋ, ಫ್ಲೈಓವರ್ ಮೇಲೆ ಬಸ್ಸು ಹತ್ತಿದರೇ ಕಣ್ಣು ಮುಚ್ಚಿಕೊಳ್ಳೋ ಮನುಷ್ಯ. ವಿಮಾನದ ಮಾತೆತ್ತಿದ ಕೂಡಲೇ "ನನ್ನ ತಂಗೀನ ಕರ್ಕೊಂಡು ಹೋಗು" ಅಂದುಬಿಟ್ಟರು.

ತಂಗಿ ಅಂದರೆ ನನ್ನ ನಾದಿನಿ. ಬೂದಿಕೋಟೆಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಅವಳಿಗೆ ಬರುವ ಇಂಗ್ಲಿಷ್ ಇಷ್ಟೇ: ಎಸ್, ನೋ, ಫ್ಯಾಟ್. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡ್ತಾರಲ್ಲ, ಹಾಗೆ ಬಂದಿದ್ದು. ಮೊದಲೆರಡನ್ನ ಧಾರಾಳವಾಗಿ ಬಳಸು, ಮೂರನೆಯದನ್ನ ಮಾತ್ರ ಯಾರ ಮುಖ ನೋಡಿಕೊಂಡೂ ಹೇಳಬೇಡ ಅಂತ ವಿಮಾನ ಹತ್ತೋ ಮೊದಲೇ ತಾಕೀತು ಮಾಡಿದ್ದೆ.

ಪೂರ್ತಿ ವಾಕ್ಯ

ನಮ್ಮ ಮೊದಲ ಪ್ರವಾಸ ಮಲೇಷ್ಯಾಕ್ಕೆ. ಪೆನಾಂಗ್‌ನ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕೂತಿದ್ದೆವು. ಜಾಗವೆಲ್ಲ ಭರ್ತಿ. ಕೆಂಪು ಮುಖದ, ಬಾಗಿಲಗಲದ ಒಬ್ಬ ಆಸಾಮಿ ತಟ್ಟೆ ಹಿಡಿದುಕೊಂಡು ನಮ್ಮ ಟೇಬಲ್ ಹತ್ತಿರ ಬಂದು ಏನೋ ಕೇಳಿದ. ಗಂಟಲಲ್ಲಿ ಜಲ್ಲಿಕಲ್ಲು ಉರುಳಿಸಿದ ಹಾಗೆ ಕೇಳಿಸಿತೇ ಹೊರತು ಒಂದಕ್ಷರ ತಿಳಿಯಲಿಲ್ಲ. ಮತ್ತೆ ಕೇಳಿದ. ಮತ್ತೆ ಜಲ್ಲಿಕಲ್ಲು. ಖಾಲಿ ಕುರ್ಚಿ ಕಡೆ ಕೈ ತೋರಿಸಿದಾಗ ವಿಷಯ ಅರ್ಥವಾಯಿತು.

ಪಾಪ, ಯಾವ ದೇಶದವನೋ, ಇಂಗ್ಲಿಷ್ ಈಗಿನ್ನೂ ಕಲಿಯುತ್ತಿದ್ದಾನೆ ಅನ್ನಿಸಿತು. ಅಷ್ಟು ವರ್ಷ ಚಾಕ್‌ಪೀಸ್ ಹಿಡಿದ ಕೈ, ಸುಮ್ಮನಿರುತ್ತದೆಯೇ?

"ಹೆದರ್ಕೋಬೇಡಿ," ಅಂದೆ ಇಂಗ್ಲಿಷಿನಲ್ಲಿ. "ಆತುರ ಇಲ್ಲ. ನಿಧಾನವಾಗಿ, ಪೂರ್ತಿ ವಾಕ್ಯ ಹೇಳಿ."

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳುತ್ತಿದ್ದೇನೆ ಅಂತ. ನಾನೇ ಶುರು ಮಾಡಿಕೊಟ್ಟೆ. "ಮೇ… ಐ…"

"ಮೇ ಐ," ಅಂದ ಅವನು, ಎರಡನೇ ಕ್ಲಾಸಿನ ಹುಡುಗನ ಹಾಗೆ.

"ಹ್ಞಾಂ, ಮುಂದೆ?"

"ಮೇ ಐ ಸಿಟ್ ಹಿಯರ್."

"ಪ್ಲೀಸ್ ಎಲ್ಲಿ ಹೋಯ್ತು?"

"ಪ್ಲೀಸ್."

"ವೆರಿ ಗುಡ್! ಕೂತ್ಕೊಳ್ಳಿ." ಅವನ ಕೈಮೇಲೆ ತಟ್ಟಿ, "ಚೆನ್ನಾಗಿ ಮಾತಾಡ್ತೀರಲ್ಲ! ಎಷ್ಟು ದಿನದಿಂದ ಕಲೀತಿದ್ದೀರಿ?" ಅಂದೆ.

"ಹುಟ್ಟಿದಾಗಿನಿಂದ," ಅಂದ ಅವನು, ಈ ಸಲ ಜಲ್ಲಿಕಲ್ಲನ್ನೆಲ್ಲ ಬಿಡಿಸಿ ಬಿಡಿಸಿ. "ನಾನು ಸ್ಕಾಟ್ಲೆಂಡಿನವನು."

ನಾದಿನಿ ನನ್ನ ಮೊಣಕೈ ತಿವಿದು "ಏನಂತೆ?" ಅಂದಳು.

"ಇಂಗ್ಲಿಷ್ ಅವರ ಮನೆಮಾತಂತೆ ಕಣೇ."

"ಮನೆಮಾತಾ? ಮತ್ಯಾಕಂಗೆ ತೊದಲ್ತಾ ಅವ್ನೆ?"

ನಾನೇನೂ ಕ್ಷಮೆ ಕೇಳಲಿಲ್ಲ. ಮನೆಮಾತಾದರೇನು, ವಾಕ್ಯ ಪೂರ್ತಿ ಮಾಡೋದು ಬೇಡವಾ? ಮಾರನೇ ದಿನ ತಿಂಡಿಗೆ ಹೋದಾಗ ಬೇಕಾದಷ್ಟು ಟೇಬಲ್ ಖಾಲಿ ಇದ್ದವು. ಆದರೂ ಅವನು ಸೀದಾ ನಮ್ಮ ಹತ್ತಿರವೇ ಬಂದು, ತಟ್ಟೆ ಎದೆಗವಚಿಕೊಂಡು ನೆಟ್ಟಗೆ ನಿಂತು, "ಗುಡ್ ಮಾರ್ನಿಂಗ್ ಟೀಚರ್. ಮೇ ಐ ಸಿಟ್ ಹಿಯರ್, ಪ್ಲೀಸ್?" ಅಂದ. ಹಿಂದೆಯೇ ಬಂದ ಅವನ ಹೆಂಡತಿ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದಳು: "ಮದುವೆ ಆದಾಗಿನಿಂದ ಈ ಮನುಷ್ಯನ ಬಾಯಲ್ಲಿ ಪ್ಲೀಸ್ ಅನ್ನೋದನ್ನ ನಾನು ಕೇಳಿರಲಿಲ್ಲ. ನೀವು ಇನ್ನೊಂದು ವಾರ ಇಲ್ಲೇ ಇರೋಕಾಗುತ್ತಾ?"

ಕಿವಿ ಕೇಳದ ಹೆಂಗಸು

ವಿಯೆಟ್ನಾಮಿನಲ್ಲಿ ದೋಣಿ ಪ್ರವಾಸ. ದೋಣಿ ಅಂದರೆ ಎರಡು ಅಂತಸ್ತಿನದು. ಹತ್ತಿದ ಸ್ವಲ್ಪ ಹೊತ್ತಿಗೇ ನನಗೆ ತಲೆ ಸುತ್ತು ಶುರುವಾಗಿ ಒಳಗೆ ಹೋಗಿ ಮಲಗಿದೆ. ನಾದಿನಿ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಬೂಟು ಏರಿಸಿಕೊಂಡು ಮೇಲಿನ ಅಂತಸ್ತಿನಲ್ಲಿ ಕೂತಳು. ಅವಳ ಪಕ್ಕಕ್ಕೆ ಒಬ್ಬ ಅಮೆರಿಕದ ಹೆಂಗಸು ಬಂದು ಕೂತಿದ್ದಾಳೆ.

ನಾನು ಮಲಗಿದ್ದಲ್ಲಿಗೇ ಇಬ್ಬರ ಮಾತೂ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ಅನ್ನೋದೇನು, ಅಕ್ಕಪಕ್ಕದ ದೋಣಿಗಳಿಗೂ ಕೇಳಿಸಿರಬೇಕು. ಆ ಹೆಂಗಸು ಒಂದೊಂದೇ ಪದವನ್ನ ಎಳೆದು ಎಳೆದು ಕೂಗುತ್ತಾಳೆ: "ಹೌ… ಮೆನೀ… ಚಿಲ್ಡ್ರನ್?" ನಾದಿನಿ ಅಷ್ಟೇ ಜೋರಾಗಿ, ಅಷ್ಟೇ ನಿಧಾನವಾಗಿ ಬೂದಿಕೋಟೆ ಕನ್ನಡದಲ್ಲಿ ವಾಪಸ್ ಕೂಗುತ್ತಾಳೆ. ನಡುನಡುವೆ ನಗು. ಒಮ್ಮೆ ಅಳುವಿನ ಸದ್ದೂ ಬಂದ ಹಾಗಾಯಿತು. ಗಾಬರಿಯಾಗಿ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ ಹೋದೆ. ನೋಡಿದರೆ ಇಬ್ಬರೂ ಕೈ ಕೈ ಹಿಡಿದುಕೊಂಡು ಕೂತಿದ್ದಾರೆ. ಆಯಮ್ಮನ ಕಣ್ಣಲ್ಲಿ ನೀರು.

"ಏನಾಯ್ತೇ?" ಅಂದೆ.

"ಪಾಪ ಅತ್ಗೆ," ಅಂದಳು ನಾದಿನಿ. "ನಿನ್ಗೆಷ್ಟು ಅಂತ ಕೇಳಿದ್ಲು. ನಾಕು ಅಂತ ಬೆಳ್ಳು ತೋರ್ಸಿದೆ. ಅದ್ರಾಗೆ ಒಂದು ಗಬ್ಬ ಆಗೈತೆ ಅಂತಾನೂ ಒಟ್ಟೆ ಮುಟ್ಟಿ ಯೋಳ್ದೆ. ಆಯಮ್ಮಂಗೂ ಮೂರಿದ್ವಂತೆ. ಒಂದೂ ಅತ್ರ ಇಲ್ವಂತೆ, ಎಲ್ಲಾ ದೂರ ದೂರ ಒಂಟೋದ್ವಂತೆ. ಮಾರ್ಬಿಟ್ಟವ್ಳೆ ಕಣತ್ಗೆ! ಸಾಕಿದ್ ಅಸೂನ ಮಾರ್ಬಾರ್ದು. ಅದ್ಕೇ ನೆನಸ್ಕೊಂಡು ಅಳ್ತಾವ್ಳೆ."

ಆ ಹೆಂಗಸು ನನ್ನ ಕಡೆ ತಿರುಗಿ, ಮೂಗು ಒರೆಸಿಕೊಂಡು, "ನಿಮ್ಮ ನಾದಿನಿ ಎಷ್ಟು ಒಳ್ಳೆಯವರು! ನಾಲ್ಕೂ ಹೆಣ್ಣುಮಕ್ಕಳನ್ನ ಮನೆಯಲ್ಲೇ ಇಟ್ಟುಕೊಂಡಿದ್ದಾರಂತೆ. ಅದರಲ್ಲೂ ಒಬ್ಬಳು ಗರ್ಭಿಣಿಯಂತೆ, ಕಂಗ್ರಾಜುಲೇಷನ್ಸ್! ನನ್ನ ಮೂವರೂ ಒಂದೊಂದು ಊರು ಸೇರಿದರು, ಫೋನು ಕೂಡ ಮಾಡಲ್ಲ," ಅಂದಳು.

ಇದನ್ನ ಸರಿಪಡಿಸಬೇಕೋ ಬೇಡವೋ ಅಂತ ನಾನು ಯೋಚಿಸುತ್ತಿರುವಾಗಲೇ, ಅವಳು ದನಿ ತಗ್ಗಿಸಿ, "ಪಾಪ, ಅವರಿಗೆ ಕಿವಿ ಕೇಳಿಸದೆ ಎಷ್ಟು ದಿನ ಆಯ್ತು?" ಅಂದಳು. ಅದೇ ಹೊತ್ತಿಗೆ ನಾದಿನಿ ಇನ್ನೊಂದು ಕಿವಿಯಲ್ಲಿ ಪಿಸುಗುಟ್ಟಿದಳು: "ಒಳ್ಳೆ ಎಂಗ್ಸು ಕಣತ್ಗೆ. ಆದ್ರೆ ಕಿವಿ ಮಾತ್ರ ಪೂರಾ ಓಗ್ಬಿಟ್ಟೈತೆ."

ಉಲ್ಟಾ

ಇಟಲಿಯ ಒಂದು ಊರಿನಲ್ಲಿ ನನ್ನ ಮಂಡಿಗೆ ಹಚ್ಚೋ ಮುಲಾಮು ಬೇಕಾಗಿ ಮೆಡಿಕಲ್ ಶಾಪಿಗೆ ಹೋದೆವು. ಕೌಂಟರ್ ಹಿಂದೆ ಇದ್ದ ಹೆಂಗಸಿಗೆ ಇಂಗ್ಲಿಷ್ ಬಾರದು. ನನಗೆ ಕಷ್ಟವಾಗಲಿಲ್ಲ, ಮಂಡಿ ತೋರಿಸಿ "ಆ… ಆ…" ಅಂದೆ, ಮುಲಾಮು ಬಂತು. ನಮ್ಮ ಹಿಂದೆ ಇಂಗ್ಲೆಂಡಿನ ಒಬ್ಬ ವಯಸ್ಸಾದ ಮಹಾಶಯ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹ್ಯಾಟು, ಮುಖದಲ್ಲಿ ಸಂಕಟ. ನಾನು ಮೊದಲು ಇಂಗ್ಲಿಷ್ ಆಡಿದ್ದು ಕೇಳಿಸಿಕೊಂಡು, ಆಮೇಲೆ ಸನ್ನೆಯಲ್ಲೇ ಮುಲಾಮು ಗಿಟ್ಟಿಸಿದ್ದನ್ನೂ ನೋಡಿ ಹತ್ತಿರ ಬಂದ.

"ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಇವರಿಗೆ ಸ್ವಲ್ಪ ತಿಳಿಸಿ ಹೇಳಲು ಸಾಧ್ಯವೇ?"

"ಏನು ತೊಂದರೆ?" ಅಂದೆ.

ಅವನು ಆ ಕಡೆ ಈ ಕಡೆ ನೋಡಿ, ಹ್ಯಾಟಿನೊಳಗೆ ಮುಖ ಹಾಕಿದ ಹಾಗೆ ಮಾಡಿ, "ಐ ಹ್ಯಾವ್ ಹ್ಯಾಡ್… ಸಮ್ ಟ್ರಬಲ್… ಗೋಯಿಂಗ್" ಅಂದ.

ಟ್ರಬಲ್. ಗೋಯಿಂಗ್. ಹೋಗ್ತಾನೇ ಇದೆ, ಅದೇ ಟ್ರಬಲ್ಲು. ಸ್ಪಷ್ಟವಾಗಿಯೇ ಇದೆಯಲ್ಲ? ನಾದಿನಿಗೆ ಹೇಳಿದೆ: "ಪಾಪ, ಹೊಟ್ಟೆ ಕೆಟ್ಟಿದೆಯಂತೆ ಕಣೇ. ನಿಲ್ಲುತ್ತಾನೇ ಇಲ್ವಂತೆ."

"ಅಷ್ಟೇನಾ? ಬುಡು, ನಾ ಯೋಳ್ತೀನಿ," ಅಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೌಂಟರ್ ಮುಂದೆ ನಿಂತಳು. ಮಹಾಶಯನ ಕಡೆ ಬೆರಳು ತೋರಿಸಿದಳು. ಹೊಟ್ಟೆ ಹಿಡಿದುಕೊಂಡಳು. ಅಂಗಡಿಯ ಆ ಮೂಲೆಯಿಂದ ಈ ಮೂಲೆಗೆ ಓಡಿದಳು. ಕೂತಳು, ಎದ್ದಳು, ಮತ್ತೆ ಓಡಿದಳು. ಬಾಯಲ್ಲಿ ಅದಕ್ಕೆ ತಕ್ಕ ಸದ್ದು ಬೇರೆ. ಅಂಗಡಿಯಲ್ಲಿ ಇದ್ದವರೆಲ್ಲ ಮಹಾಶಯನನ್ನ ಕನಿಕರದಿಂದ ನೋಡಿ ಎರಡು ಹೆಜ್ಜೆ ದೂರ ಸರಿದರು. ಅವನ ಮುಖ ಕುತ್ತಿಗೆಯಿಂದ ಶುರುವಾಗಿ ಕೆಂಪಾಗುತ್ತಾ ಹೋಯಿತು. ಆದರೂ ಅವನು ಬಾಯಿ ಬಿಡಲಿಲ್ಲ. ಕೊಟ್ಟ ಔಷಧಿ ತೆಗೆದುಕೊಂಡು, ನಮಗೂ ಕೌಂಟರಿನವಳಿಗೂ ತಲೆಬಾಗಿ ಹೊರಗೆ ಹೋದ.

ನಾವು ಬೀದಿಗೆ ಬಂದಾಗ ಕಂಬದ ಪಕ್ಕ ನಮಗಾಗಿ ಕಾಯುತ್ತಾ ನಿಂತಿದ್ದ.

"ನಿಮ್ಮ ನಾದಿನಿಯವರಿಗೆ ನನ್ನ ವಂದನೆ ತಿಳಿಸಿ," ಅಂದ. "ತುಂಬಾ ಉಪಕಾರ ಮಾಡಿದರು. ಆದರೆ, ಹೇಳಲು ಸಂಕೋಚವಾಗುತ್ತಿದೆ… ನನಗಿರುವುದು ಅದರ ಉಲ್ಟಾ."

ಒಂದು ಕ್ಷಣ ನನ್ನ ಇಂಗ್ಲಿಷಿನ ಮೇಲೆ ನನಗೇ ಅನುಮಾನ ಬಂತು, ನಿಜ. ಆಮೇಲೆ ಯೋಚನೆ ಮಾಡಿದರೆ, ತಪ್ಪು ನನ್ನದು ಹೇಗಾಗುತ್ತೆ? ಹೊಟ್ಟೆ ಕಟ್ಟಿದೆ ಅಂತ ಹೇಳೋಕೆ ನಮ್ಮೂರಲ್ಲಿ ಮಾತು ಇಲ್ಲವಾ? ಮೋಷನ್ ಫ್ರೀ ಆಗ್ತಿಲ್ಲ ಅಂದಿದ್ದರೆ ಉರಿಗಾಂನಲ್ಲಿ ಕೂಸಿಗೂ ಅರ್ಥವಾಗುತ್ತಿತ್ತು. ಅದನ್ನೇ ಅವನಿಗೆ ಹೇಳಿಯೂ ಹೇಳಿದೆ. "ಮೋಷನ್ ಫ್ರೀ," ಅಂತ ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡು, "ಹೌದು, ಇದೇ ಚೆನ್ನಾಗಿದೆ," ಅಂತ ಒಪ್ಪಿಕೊಂಡ.

ನಾದಿನಿಗೆ ವಿಷಯ ಹೇಳಿದೆ. "ಅಯ್ಯೋ, ಅಂಗಾ?" ಅಂತ ಮತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಈ ಸಲ ಓಡಾಟ ಇರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ಮುಷ್ಟಿ ಬಿಗಿಹಿಡಿದು, ಕಣ್ಣು ಮೇಲೆ ಮಾಡಿ, ಕೊನೆಗೆ ನಿರಾಶೆಯಿಂದ ತಲೆ ಆಡಿಸಿದಳು. ಔಷಧಿ ಬದಲಾಯಿತು. ಅಷ್ಟೇ ಅಲ್ಲ, ಅಂಗಡಿಯಲ್ಲಿದ್ದವರೆಲ್ಲ ಸೇರಿ ಚಪ್ಪಾಳೆ ತಟ್ಟಿದರು.

ಬಿಟ್ಟು ಹೋದದ್ದು

ಇದು ಲಂಡನ್ನಿನದು. ಒಂದು ಪಾರ್ಕಿನ ಬೆಂಚಿನ ಮೇಲೆ ಕೂತು ಊರಿಂದ ತಂದಿದ್ದ ನಿಪ್ಪಟ್ಟು ತಿನ್ನುತ್ತಿದ್ದೆವು. ಪಕ್ಕದಲ್ಲಿ ಬೆಳ್ಳಗೆ, ತೆಳ್ಳಗೆ ಒಬ್ಬ ಅಜ್ಜಿ. ನಿಪ್ಪಟ್ಟು ಮುರಿದ ಸದ್ದಿಗೆ ತಿರುಗಿ ನೋಡಿದಳು. ಒಂದು ಕೊಟ್ಟೆ. ಕಚ್ಚಿ, ಕಣ್ಣು ಮುಚ್ಚಿ, "ನೀವು ಇಂಡಿಯಾದಲ್ಲಿ ಎಲ್ಲಿಯವರು?" ಅಂದಳು.

ಎಲ್ಲರೂ "ಬೆಂಗಳೂರು ಹತ್ತಿರ" ಅನ್ನೋ ಕಡೆ ನಾನು ಹಾಗನ್ನೋದಿಲ್ಲ. "ಕೋಲಾರ ಗೋಲ್ಡ್ ಫೀಲ್ಡ್ಸ್," ಅಂದೆ.

ಅಜ್ಜಿಯ ಕೈಯಿಂದ ನಿಪ್ಪಟ್ಟು ಜಾರಿತು. "ನಾನು ಹುಟ್ಟಿದ್ದೇ ಅಲ್ಲಿ!" ಅಂತ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳಪ್ಪ ಗಣಿಯಲ್ಲಿ ದೊಡ್ಡ ಅಧಿಕಾರಿಯಂತೆ. ಬಂಗಲೆ, ಗುಲಾಬಿ ತೋಟ, ಕ್ಲಬ್ಬಿನ ಡ್ಯಾನ್ಸು, ಅಡುಗೆಯವನು ಮಾಡುತ್ತಿದ್ದ ಪುಡಿಂಗು, ಎಲ್ಲ ಒಂದೇ ಉಸಿರಿಗೆ ಹೇಳಿದಳು. "ನನಗೆ ನಿಮ್ಮ ಭಾಷೆ ಇನ್ನೂ ನೆನಪಿದೆ," ಅಂತ ಹೆಮ್ಮೆಯಿಂದ ತಮಿಳು ಶುರು ಮಾಡಿದಳು: "ಇಂಗೆ ವಾ. ಅಂಗೆ ಪೋ. ಸೀಕ್ರಂ. ತಣ್ಣಿ ಕೊಂಡಾ."

ಇಲ್ಲಿ ಬಾ, ಅಲ್ಲಿ ಹೋಗು, ಬೇಗ, ನೀರು ತಾ. ಅಷ್ಟೇ ಅವಳ ತಮಿಳು. ನನಗೆ ಒಳಗೊಳಗೇ ಚುರುಕ್ಕೆಂದಿತು. "ಇನ್ನೊಂದು ಪದ ಕಲೀರಿ ಅಜ್ಜಿ. ಉಕ್ಕಾರುಂಗ," ಅಂದೆ. "ಹಾಗಂದರೆ?" "ಕೂತ್ಕೊಳ್ಳಿ ಅಂತ. ಮರ್ಯಾದೆ ಕೊಟ್ಟು ಹೇಳೋದು." ಪಾಪ, ಹೇಳಿಕೊಟ್ಟ ಹಾಗೆ ಹೇಳಿದಳು. ಚೆನ್ನಾಗಿಯೇ ಹೇಳಿದಳು.

"ನನ್ನಪ್ಪನಿಗೆ ಆ ಗಣಿ ಅಂದರೆ ಪ್ರಾಣ," ಅಂದಳು ಆಮೇಲೆ.

"ನಮ್ಮಪ್ಪನೂ ಅಲ್ಲೇ ಇದ್ದರು," ಅಂದೆ. "ನಿಮ್ಮಪ್ಪ ನೆಲದ ಮೇಲೆ, ನಮ್ಮಪ್ಪ ನೆಲದ ಕೆಳಗೆ. ಕೆಲಸ ಬಿಟ್ಟ ಮೇಲೂ ಗಣಿ ಧೂಳು ಅವರ ಎದೆ ಬಿಡಲಿಲ್ಲ. ಕೆಮ್ಮಿ ಕೆಮ್ಮಿಯೇ ಹೋದರು."

ಅಜ್ಜಿ ನನ್ನ ಕೈ ಬಿಡಲಿಲ್ಲ. ಆದರೆ ಅಭ್ಯಾಸಬಲ ನೋಡಿ, ಸಮಾಧಾನ ಹೇಳೋ ದನಿಯಲ್ಲೇ, "ಆದರೂ ನಾವು ಹೊರಡುವಾಗ ಎಲ್ಲವನ್ನೂ ನಿಮಗೇ ಬಿಟ್ಟು ಬಂದೆವಲ್ಲ. ರೈಲು, ಕರೆಂಟು, ಆಸ್ಪತ್ರೆ, ಕ್ಲಬ್ಬು…" ಅಂದಳು.

"ಹೌದು ಅಜ್ಜಿ, ಎಲ್ಲಾ ಬಿಟ್ಟು ಬಂದಿರಿ," ಅಂದೆ. "ಚಿನ್ನ ಒಂದನ್ನ ಮಾತ್ರ ಮರೆತು ಜೊತೆಗೆ ತಂದುಬಿಟ್ಟಿರಿ."

ಅಜ್ಜಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೆಂಚು ಅಲುಗುವ ಹಾಗೆ ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳಲು ಎತ್ತಿದ ಕೈಯನ್ನ ಯಾಕೋ ಅರ್ಧಕ್ಕೇ ನಿಲ್ಲಿಸಿದಳು. ಆ ಕೈಯಲ್ಲಿ ದಪ್ಪನೆಯ ಹಳೇ ಚಿನ್ನದ ಉಂಗುರ ಇತ್ತು.

"ಏನಂದೆ ಅತ್ಗೆ ಆಯಮ್ಮಂಗೆ?" ಅಂದಳು ನಾದಿನಿ. "ನಗ್ತಾ ನಗ್ತಾ ಕೈಯ್ಯ ಜೇಬ್ನಾಗೆ ಬಚ್ಚಿಟ್ಕೊಂಡ್ಲಲ್ಲ?"

ಎಂ.ಟಿ.ಐ.

ಇದು ಹೋದ ಸಲ ಯೂರೋಪಿನಿಂದ ವಾಪಸ್ ಬರುವಾಗ ಆಗಿದ್ದು. ದುಬೈನಲ್ಲಿ ವಿಮಾನ ಬದಲಾಯಿಸಬೇಕಿತ್ತು. ಮಧ್ಯಾಹ್ನದ ಹೊತ್ತು. ನಾದಿನಿ ಎರಡು ಕುರ್ಚಿ ಸೇರಿಸಿಕೊಂಡು, ಮುಖಕ್ಕೆ ಸೆರಗು ಹೊದ್ದು ಮಲಗಿಬಿಟ್ಟಳು. ನಾನು ಯಜಮಾನರಿಗೆ ಫೋನಿನಲ್ಲಿ ಮಾತಾಡಿ, ಆಮೇಲೆ ಅಲ್ಲಿಯ ಸಿಬ್ಬಂದಿಯೊಬ್ಬಳ ಹತ್ತಿರ ಗೇಟಿನ ವಿಷಯ ಇಂಗ್ಲಿಷಿನಲ್ಲಿ ವಿಚಾರಿಸಿ ಬಂದು ಕೂತೆ.

ಎದುರಿಗೆ ಮೂವತ್ತೈದರ ಆಸುಪಾಸಿನ ಒಬ್ಬ ಸೂಟುಧಾರಿ ಕೂತಿದ್ದ. ಕುತ್ತಿಗೆಗೆ ರೇಷ್ಮೆ ಕರವಸ್ತ್ರ, ತಲೆಗೆ ಎಣ್ಣೆ ಅಲ್ಲದ ಯಾವುದೋ ಮಿಂಚು. ನಮ್ಮ ಕಡೆಯವನೇ ಅನ್ನೋದು ಬಣ್ಣದಿಂದ ಗೊತ್ತಾಗುತ್ತಿತ್ತು, ಮಾತಿನಿಂದ ಇಲ್ಲ. ಮುಂದಕ್ಕೆ ಬಗ್ಗಿ, ಮೂಗಿನಿಂದ ಅರ್ಧ, ಬಾಯಿಂದ ಅರ್ಧ ಬರುವ ಇಂಗ್ಲಿಷಿನಲ್ಲಿ, "ಕ್ಷಮಿಸಿ ಮ್ಯಾಡಮ್, ನೀವು ಮಾತಾಡಿದ್ದು ಕೇಳಿಸಿಕೊಂಡೆ. ನಿಮ್ಮ ವ್ಯಾಕರಣ ಫಸ್ಟ್ ಕ್ಲಾಸ್. ಆದರೆ ನಿಮಗೆ ಸಿಕ್ಕಾಪಟ್ಟೆ ಎಂ.ಟಿ.ಐ. ಇದೆ," ಅಂದ.

ನಾದಿನಿ ಸೆರಗು ಸರಿಸಿ ಒಂದು ಕಣ್ಣು ತೆರೆದಳು. "ಯಾರತ್ಗೆ? ಡಾಕ್ಟ್ರಾ? ಏನ್ ಕಾಯ್ಲೆ ಅಂತೆ?"

"ಎಂ.ಟಿ.ಐ. ಅಂತೆ."

"ಅಯ್ಯೋ ದೇವ್ರೇ. ಅಂಟ್ಕಂತದಾ?"

"ನಿನಗೂ ಇದೆ. ನನಗಿಂತ ಜಾಸ್ತಿ ಇದೆ. ಮಲಕ್ಕೋ."

ಅವನು ವಿವರಿಸಿದ. ಎಂ.ಟಿ.ಐ. ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಇಂಗ್ಲಿಷ್ ಆಡುವಾಗ ಮಾತೃಭಾಷೆ ಇಣುಕಿ ನೋಡುತ್ತಂತೆ. ಅದನ್ನ ತೊಳೆದು ತೆಗೆಯೋದೇ ಅವನ ಉದ್ಯೋಗವಂತೆ, ದೊಡ್ಡ ಕ್ಲಾಸುಗಳನ್ನ ನಡೆಸುತ್ತಾನಂತೆ. "ನನ್ನನ್ನೇ ನೋಡಿ ಮ್ಯಾಡಮ್. ಒಂದು ಚೂರೂ ಇಲ್ಲ. ನಾನು ಎಲ್ಲಿಯವನು ಅಂತ ಭೂಮಿ ಮೇಲೆ ಯಾರೂ ಕಂಡುಹಿಡಿಯಲಾರರು."

ನನಗೆ ಪಿತ್ತ ನೆತ್ತಿಗೇರಿತು. "ನಮ್ಮೂರು ಯಾವುದು ಅಂತ ಗೊತ್ತಾಗದ ಹಾಗೆ ಮಾತಾಡೋದಕ್ಕೆ ಫೀಸು ಬೇರೆ ಕೊಡಬೇಕಾ?" ಅಂದೆ. "ಇರಲಿ, ನಿಮ್ಮೂರು ಯಾವುದು?"

"ಬ್ಯಾಂಗಲೋರ್."

"ಬೆಂಗಳೂರಲ್ಲಿ ಎಲ್ಲಿ?"

"ಸ್ವಲ್ಪ ಔಟ್‌ಸ್ಕರ್ಟ್ಸ್."

"ಯಾವ ಕಡೆ?"

"ಈಸ್ಟ್."

ಪೂರ್ವ ಅಂದ ಮೇಲೆ ಬಿಡುವ ಮಾತೇ ಇಲ್ಲ. ಆ ಕಡೆಯ ರೈಲಿನಲ್ಲಿ ಓಡಾಡಿ ಸ್ಟೇಷನ್ನುಗಳೆಲ್ಲ ನನಗೆ ಬಾಯಿಪಾಠ. "ವೈಟ್‌ಫೀಲ್ಡಾ?" ಅಂದೆ.

"ಸ್ವಲ್ಪ ಮುಂದೆ."

"ಮಾಲೂರಾ?"

"ಅದಕ್ಕಿಂತ… ಸ್ವಲ್ಪ ಮುಂದೆ." ಕುತ್ತಿಗೆಯ ಕರವಸ್ತ್ರ ಸಡಿಲ ಮಾಡಿಕೊಂಡ.

"ಟೇಕಲ್?"

"ಸ್ವಲ್ಪ…"

"ಬಂಗಾರಪೇಟೆ!" ಅಂದೆ ಜೋರಾಗಿ.

ನಾದಿನಿ ಧಡಕ್ಕನೆ ಎದ್ದು ಕೂತು ಚೀಲ ತಬ್ಬಿಕೊಂಡಳು. "ಏನತ್ಗೆ, ಊರು ಬಂದ್ಬುಡ್ತಾ? ಇಳೀ ಇಳೀ!"

ಕಣ್ಣುಜ್ಜಿಕೊಂಡು ನೋಡಿದರೆ ರೈಲೂ ಇಲ್ಲ, ಬಂಗಾರಪೇಟೆಯೂ ಇಲ್ಲ. ಎದುರಿಗಿದ್ದ ಸೂಟುಧಾರಿ ಮಾತ್ರ ಇದ್ದ. ಅವನನ್ನೇ ನೋಡಿದಳು. ತಲೆ ಓರೆ ಮಾಡಿ ನೋಡಿದಳು. ಎದ್ದು ಹತ್ತಿರ ಹೋಗಿ ನೋಡಿದಳು.

"ಏಯ್… ನೀನು ನಮ್ಮ ಗಿರಣಿ ಮನೆಯವ್ರ ಕಿರಿ ಮಗ ಅಲ್ವೇನ್ಲಾ? ಮೂಗೆಲ್ಲಾ ನಿಮ್ಮವ್ವಂದೇ ಐತೆ!"

"ಎಕ್ಸ್‌ಕ್ಯೂಸ್ ಮಿ ಮ್ಯಾಡಮ್," ಅಂದ ಅವನು, ಪೂರ್ತಿ ಮೂಗಿನಿಂದಲೇ. "ಐ ಥಿಂಕ್ ದೇರ್ ಈಸ್ ಸಮ್ ಮಿಸ್ಟೇಕ್."

ನಾದಿನಿ ಅವನ ಕಿವಿ ಹಿಡಿದಳು. "ಮಿಸ್ಟೇಕಂತೆ ಮಿಸ್ಟೇಕು! ನಿಮ್ಮವ್ವ ದಿನಾ ಬಸ್‌ಸ್ಟಾಂಡ್ ಕಡೆ ನೋಡ್ತಾ ಕೂತಿರ್ತಾಳೆ, ಮಗ ಬತ್ತಾನೆ ಬತ್ತಾನೆ ಅಂತ. ಇಲ್ಲಿ ಕೂತ್ಕೊಂಡು ಮೂಗ್ನಾಗೆ ಮಾತಾಡ್ತಾ ಇದೀಯೇನ್ಲಾ?" ಅಂತ ತಿರುಚಿದಳು.

"ಅಯ್ಯಯ್ಯೋ ಬುಡತ್ತೆ, ಬುಡತ್ತೆ! ನೋಯ್ತದೆ! ಎಲ್ಲಾರೂ ನೋಡ್ತಾವ್ರೆ!"

ಇದ್ದಬದ್ದ ಎಂ.ಟಿ.ಐ. ಎಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ನನಗಂತೂ ಅದಕ್ಕಿಂತ ಇಂಪಾದ ಸಂಗೀತ ಇಲ್ಲ ಅನ್ನಿಸಿತು. ಅವನಿಗೂ ಏನೋ ಭಾರ ಇಳಿದ ಹಾಗಾಗಿರಬೇಕು. ಕೆಂಪಾದ ಕಿವಿ ಉಜ್ಜಿಕೊಳ್ಳುತ್ತಾ ತಾನೇ ಮೊದಲು ನಕ್ಕ. ನಾದಿನಿ ಪಕ್ಕ ಕೂರಿಸಿಕೊಂಡು ಚಕ್ಕುಲಿ ಕೊಟ್ಟಳು, ಊರಿನ ಮದುವೆ, ಸಾವು, ಯಾರ ಮನೆ ಬೋರಿನಲ್ಲಿ ನೀರು ಬಂತು, ಎಲ್ಲಾ ಒಪ್ಪಿಸಿದಳು. ಅವನು ಕೇಳಿದ್ದೇ ಕೇಳಿದ್ದು. ಅಲ್ಲೇ ಅವ್ವನಿಗೆ ಫೋನು ಹಚ್ಚಿಸಿದಳು. ಮುಂದಿನ ವಾರ ಬತ್ತೀನಿ ಅಂತ ಅವನು ಅವ್ವನಿಗೆ ಮಾತು ಕೊಟ್ಟ ಮೇಲೆಯೇ ಇನ್ನೊಂದು ಚಕ್ಕುಲಿ ಸಿಕ್ಕಿದ್ದು.

"ಯಾಕಪ್ಪಾ ಊರು ಮುಚ್ಚಿಡ್ತೀಯ?" ಅಂತ ನಾನು ಕೇಳಿದೆ.

ಚಕ್ಕುಲಿ ಮುರಿಯುತ್ತಾ ಹೇಳಿದ. "ಬೆಂಗಳೂರಲ್ಲಿ ಕಾಲೇಜಿಗೆ ಸೇರಿದಾಗ ಎದ್ದು ನಿಂತು ಹೆಸರು, ಊರು ಹೇಳಿ ಅಂದ್ರು ಟೀಚರಮ್ಮ. ನಾನು ಬಾಯಿ ಬಿಟ್ಟಿದ್ದೇ ತಡ, ಇಡೀ ಕ್ಲಾಸು ನಕ್ಕುಬಿಡ್ತು. ಆವತ್ತೇ ತೀರ್ಮಾನ ಮಾಡ್ದೆ, ಇನ್ಯಾವತ್ತೂ ಊರು ಗೊತ್ತಾಗಬಾರದು ಅಂತ."

"ನಕ್ಕವರು ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ."

"ಎಲ್ಲಿದ್ದಾರೋ ಗೊತ್ತಿಲ್ಲದವರಿಗೆ ಇನ್ನೂ ಯಾಕಪ್ಪಾ ಹೆದರ್ತೀಯ?" ಅಂದೆ. "ಇಂಗ್ಲಿಷ್ ಆಡು, ಚೆನ್ನಾಗಿ ಆಡು. ಆದರೆ ಆಡೋವಾಗ ನಿಮ್ಮವ್ವನ್ನ ಬಾಗಿಲ ಹೊರಗೆ ನಿಲ್ಲಿಸಬೇಡ. ಇಣುಕಲಿ ಬಿಡು, ಏನೀಗ?"

ಅಷ್ಟರಲ್ಲಿ ವಿಮಾನಕ್ಕೆ ಕರೆದರು, ಮೂವರೂ ಸಾಲಿನಲ್ಲಿ ನಿಂತೆವು. ಅವನು ಮುಂದೆ, ಹಿಂದೆ ನಾದಿನಿ, ಆಮೇಲೆ ನಾನು. ಅವನ ಮುಂದಿದ್ದ ಒಬ್ಬ ಬಿಳಿಯ ಪ್ರಯಾಣಿಕ ಹೀಗೇ ಮಾತಿಗೆ ಮಾತು ಬಂದು, "ನಿಮ್ಮ ಇಂಗ್ಲಿಷ್ ಅದ್ಭುತವಾಗಿದೆ. ನೀವು ಎಲ್ಲಿಯವರು ಅಂತ ಗೊತ್ತೇ ಆಗ್ತಿಲ್ಲವಲ್ಲ?" ಅಂದ.

ಸೂಟುಧಾರಿ ಬಾಯಿ ತೆರೆದ. "ಬ್ಯಾಂಗ…" ಅನ್ನೋ ಹೊತ್ತಿಗೆ ಹಿಂದಿನಿಂದ ಬಳೆ ಸದ್ದು ಕೇಳಿಸಿತು. ನಾದಿನಿಯ ಕೈ ಅವನ ಕಿವಿಯ ಮಟ್ಟಕ್ಕೆ ಏರುತ್ತಿತ್ತು. ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಆಮೇಲೆ ಎದೆ ಸೆಟೆಸಿ, ಇಡೀ ಸಾಲಿಗೆ ಕೇಳುವ ಹಾಗೆ, ಅಚ್ಚ ನಮ್ಮೂರ ದನಿಯಲ್ಲಿ ಹೇಳಿದ:

"ಬೂದಿಕೋಟೆ! ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ, ಕರ್ನಾಟಕ!"

ಬಿಳಿಯವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ನಾನು "ವೆರಿ ಗುಡ್!" ಅಂದೆ. ನಾದಿನಿಗೆ ಮಾತ್ರ ಇನ್ನೂ ಸಮಾಧಾನ ಆಗಿರಲಿಲ್ಲ.

"ಪಿನ್‌ಕೋಡು ಯಾರ್ಲಾ ಯೋಳ್ತಾರೆ? ನಿಮ್ಮಪ್ಪ ಬರ್ಬೇಕಾ?"